ಮೋಟಾರ್ ನಿಂತರೆ ಸಾಲದು: ಸೇಫ್ಟಿ ಸ್ಟಾಪ್‌ನ ಎರಡೂ ಚಾನೆಲ್ ಪರೀಕ್ಷಿಸುವುದು ಹೇಗೆ?

ಎಮರ್ಜೆನ್ಸಿ ಬಟನ್ ಒತ್ತಿದಿರಿ, ಮೋಟಾರ್ ನಿಂತಿತು, ಚೆಕ್‌ಲಿಸ್ಟ್‌ನಲ್ಲಿ ಟಿಕ್ ಹಾಕಿ ಮುಂದಿನ ಮೆಷಿನ್‌ಗೆ ಹೋದಿರಿ. ನಮ್ಮ ಎಷ್ಟೋ ಕಾರ್ಖಾನೆಗಳಲ್ಲಿ ಸೇಫ್ಟಿ ಪರೀಕ್ಷೆ ಅಂದರೆ ಇಷ್ಟೇ. ಇದು ಬೇಡ ಅಂತಲ್ಲ, ಬೇಕೇ ಬೇಕು. ಆದರೆ ಇದರಿಂದ ಗೊತ್ತಾಗುವುದು ಅರ್ಧ ಮಾತ್ರ.

ಕಾರಣ ಇಷ್ಟು. ಈಗಿನ ಸೇಫ್ಟಿ ಸರ್ಕ್ಯೂಟ್‌ಗಳಲ್ಲಿ ಮೋಟಾರ್ ನಿಲ್ಲಿಸಲು ಎರಡು ದಾರಿ ಇರುತ್ತವೆ. ಬಟನ್‌ನ ಹಿಂದೆ ಎರಡು ಕಾಂಟ್ಯಾಕ್ಟ್, ಬಟನ್ ಮೇಲೆ ಕಣ್ಣಿಡುವ ಸೇಫ್ಟಿ ರಿಲೇ ಒಳಗೆ ಎರಡು ರಿಲೇ, ಮೋಟಾರ್ ಓಡಿಸುವ ಡ್ರೈವ್‌ಗೆ ಎರಡು ವೈರ್. ಇವನ್ನೇ ಚಾನೆಲ್ ಅನ್ನುತ್ತೇವೆ. ಬಾಗಿಲಿಗೆ ಎರಡು ಚಿಲಕ ಹಾಕಿದ ಹಾಗೆ: ಒಂದು ಮುರಿದರೂ ಬಾಗಿಲು ಭದ್ರವಾಗಿಯೇ ಇರುತ್ತದೆ, ಮುರಿದದ್ದು ಯಾರಿಗೂ ಗೊತ್ತಾಗುವುದೂ ಇಲ್ಲ. ಒಂದು ಚಾನೆಲ್ ಸತ್ತಿದ್ದರೂ ಬಟನ್ ಒತ್ತಿದಾಗ ಮೋಟಾರ್ ನಿಲ್ಲುತ್ತದೆ. ನೀವು ಟಿಕ್ ಹಾಕುತ್ತೀರಿ. ಎರಡನೇ ಚಾನೆಲ್ ಕೂಡ ಕೆಟ್ಟ ದಿನ ಬಟನ್ ಒತ್ತಿದರೆ ಏನೂ ಆಗುವುದಿಲ್ಲ.

ಒಂದು ಚಾನೆಲ್ ಕೆಟ್ಟ ಕೂಡಲೇ ಅದನ್ನು ಹಿಡಿದು, ಮೆಷಿನ್ ಮತ್ತೆ ಸ್ಟಾರ್ಟ್ ಆಗದ ಹಾಗೆ ತಡೆಯುವುದೇ ಮಾನಿಟರಿಂಗ್‌ನ ಕೆಲಸ. ಈ ಮಾನಿಟರಿಂಗ್ ನಿಜವಾಗಿ ಜೀವಂತ ಇದೆಯಾ ಅಂತ ನೋಡುವುದು ಹೇಗೆ? ಅದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಪ್ಯಾನೆಲ್ ತೆರೆದು ಕೆಲಸ ಮಾಡಿ ಗೊತ್ತಿರುವ ಎಲೆಕ್ಟ್ರಿಶಿಯನ್‌ಗಳಿಗೆ, ಮೇಂಟೆನೆನ್ಸ್‌ನವರಿಗೆ ಬರೆದದ್ದು ಇದು. ಅನುಭವ ಇಲ್ಲದವರು ಓದಿ ತಿಳಿದುಕೊಳ್ಳಿ, ಆದರೆ ಒಬ್ಬರೇ ಕೈ ಹಾಕಬೇಡಿ.

ಉದಾಹರಣೆಗೆ ಒಂದು ಮೆಷಿನ್ ಇಟ್ಟುಕೊಳ್ಳೋಣ: ಪೇಪರ್ ಸ್ಲಿಟರ್-ರಿವೈಂಡರ್. ದೊಡ್ಡ ರೋಲ್‌ನಿಂದ ಕಾಗದ ಬಿಚ್ಚಿ, ಬ್ಲೇಡ್‌ನಲ್ಲಿ ಸೀಳಿ, ಮತ್ತೆ ಸಣ್ಣ ರೋಲ್‌ಗಳಾಗಿ ಸುತ್ತುವ ಯಂತ್ರ. ಎರಡು ರೋಲರ್ ಒಂದಕ್ಕೊಂದು ತಾಗುವ ಜಾಗದಲ್ಲಿ ಬೆರಳ ತುದಿ ಸಿಕ್ಕಿದರೂ ಸಾಕು, ಇಡೀ ಕೈಯನ್ನು ಒಳಗೆ ಎಳೆದುಕೊಳ್ಳುತ್ತದೆ. ಇದಕ್ಕೆ ಮೂರು ಗಾರ್ಡ್ ಬಾಗಿಲು, ಎರಡು ಎಮರ್ಜೆನ್ಸಿ ಬಟನ್, ಒಂದು ಸೇಫ್ಟಿ ರಿಲೇ, ಎಸ್‌ಟಿಒ (ಇದೇನು ಅಂತ ಮುಂದೆ ಹೇಳುತ್ತೇನೆ) ಇರುವ ಒಂದು ವಿಎಫ್‌ಡಿ, ಅಂದರೆ ಮೋಟಾರ್ ವೇಗ ಬದಲಿಸುವ ಡ್ರೈವ್, ಇವೆ ಅಂದುಕೊಳ್ಳಿ.

ಮೊದಲು: ನಿಮ್ಮ ಮೆಷಿನ್‌ನಲ್ಲಿ ಇರುವುದು ಯಾವ ಸ್ಟಾಪ್?

ಡ್ರೈವ್‌ಗಳ ಸೇಫ್ಟಿ ಫಂಕ್ಷನ್‌ಗಳಿಗೆ ಹೆಸರು ಕೊಟ್ಟಿರುವುದು ಐಇಸಿ 61800-5-2 ಎಂಬ ಸ್ಟ್ಯಾಂಡರ್ಡ್. 2007ರಲ್ಲಿ ಮೊದಲು ಬಂತು, 2016ರಲ್ಲಿ ಎರಡನೇ ಆವೃತ್ತಿ ಬಂತು. ಅದರಲ್ಲಿ ತುಂಬ ಹೆಸರುಗಳಿವೆ. ನಮಗೆ ದಿನಾ ಎದುರಾಗುವುದು ಎರಡೇ.

ಒಂದು ಎಸ್‌ಟಿಒ, ಅಂದರೆ ಸೇಫ್ ಟಾರ್ಕ್ ಆಫ್. ಡ್ರೈವ್ ಒಳಗಿನ ಐಜಿಬಿಟಿಗಳಿಗೆ, ಅಂದರೆ ಮೋಟಾರ್‌ಗೆ ಕರೆಂಟ್ ಕೊಡುವ ಎಲೆಕ್ಟ್ರಾನಿಕ್ ಸ್ವಿಚ್‌ಗಳಿಗೆ, ಹೋಗುವ ಗೇಟ್ ಪಲ್ಸ್‌ಗಳನ್ನು ಇದು ತಡೆಯುತ್ತದೆ. ಮೋಟಾರ್‌ಗೆ ತಿರುಗಿಸುವ ಶಕ್ತಿ ಸಿಗುವುದಿಲ್ಲ. ಆದರೆ ಬ್ರೇಕ್ ಕೂಡ ಬೀಳುವುದಿಲ್ಲ! ಮೋಟಾರ್ ತನ್ನಷ್ಟಕ್ಕೆ ತಿರುಗುತ್ತಾ ನಿಧಾನವಾಗಿ ನಿಲ್ಲುತ್ತದೆ. ಇನ್ನೊಂದು ಎಸ್‌ಎಸ್1, ಅಂದರೆ ಸೇಫ್ ಸ್ಟಾಪ್ 1. ಇದರಲ್ಲಿ ಡ್ರೈವ್ ಮೊದಲು ರ‍್ಯಾಂಪ್‌ನಲ್ಲಿ ವೇಗ ಇಳಿಸುತ್ತದೆ, ಆಮೇಲೆ ಎಸ್‌ಟಿಒ ಬೀಳುತ್ತದೆ, ಅಂದರೆ ಜಾರಿಗೆ ಬರುತ್ತದೆ. ಐಇಸಿ 60204-1ರ ಭಾಷೆಯಲ್ಲಿ ಮೊದಲನೆಯದು ಸ್ಟಾಪ್ ಕ್ಯಾಟಗರಿ 0, ಎರಡನೆಯದು ಕ್ಯಾಟಗರಿ 1. ಎಮರ್ಜೆನ್ಸಿ ಸ್ಟಾಪ್‌ಗೆ ಈ ಎರಡರಲ್ಲಿ ಒಂದೇ ಇರಬೇಕು. ಪವರ್ ಇಟ್ಟುಕೊಂಡೇ ನಿಲ್ಲಿಸುವ ಕ್ಯಾಟಗರಿ 2 ಅದಕ್ಕೆ ನಡೆಯುವುದಿಲ್ಲ.

ಎಸ್‌ಟಿಒ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಇದು ಡ್ರೈವ್‌ಗೆ ಬರುವ ಸಪ್ಲೈಯನ್ನು ಕಟ್ ಮಾಡುವುದಿಲ್ಲ. 415 ವೋಲ್ಟ್ ಸಪ್ಲೈ ಇರುವ ಡ್ರೈವ್‌ನಲ್ಲಿ ಡಿಸಿ ಬಸ್ ಮೇಲೆ (ಎಸಿಯನ್ನು ಡಿಸಿ ಮಾಡಿ ಇಟ್ಟುಕೊಳ್ಳುವ ಒಳಭಾಗ) ಸುಮಾರು 560ರಿಂದ 590 ವೋಲ್ಟ್ ಇದ್ದೇ ಇರುತ್ತದೆ. ಎಸ್‌ಟಿಒ ಬಿದ್ದಿದೆ ಅಂತ ಮೋಟಾರ್ ಟರ್ಮಿನಲ್ ಬಾಕ್ಸ್ ಬಿಚ್ಚಿದರೆ ಜೀವಕ್ಕೇ ಅಪಾಯ. ವೈರಿಂಗ್ ಮುಟ್ಟಬೇಕಾದರೆ ಐಸೊಲೇಟರ್ ಆಫ್ ಮಾಡಿ, ಬೀಗ ಹಾಕಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ನಿಮಿಷ ಕಾದು, ಮೀಟರ್ ಹಿಡಿದು ನೋಡಿಯೇ ಮುಟ್ಟಿ.

ಹಾಯಿಸ್ಟ್, ಲಿಫ್ಟ್‌ನಂಥ ನೇತಾಡುವ ಲೋಡ್ ಇದ್ದರೆ ಎಸ್‌ಟಿಒ ಒಂದೇ ಸಾಲದು. ಟಾರ್ಕ್ ಹೋದ ಕೂಡಲೇ ಲೋಡ್ ಕೆಳಗೆ ಬರುತ್ತದೆ, ಮೆಕ್ಯಾನಿಕಲ್ ಬ್ರೇಕ್ ಬೇಕೇ ಬೇಕು. ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರ್ ಇದ್ದರೆ ಇನ್ನೊಂದು ವಿಷಯ ನೆನಪಿರಲಿ. ಎರಡು ಐಜಿಬಿಟಿಗಳು ಒಟ್ಟಿಗೆ ಶಾರ್ಟ್ ಆದರೆ ಎಸ್‌ಟಿಒ ಇದ್ದರೂ ಶಾಫ್ಟ್ ಒಮ್ಮೆ ಜರ್ಕ್ ಹೊಡೆಯಬಹುದು. ನಾಲ್ಕು ಪೋಲ್ ಮೋಟಾರ್ ಆದರೆ ಹೆಚ್ಚೆಂದರೆ ಕಾಲು ಸುತ್ತು. ಬಲು ಅಪರೂಪ, ಆದರೂ ಬ್ಲೇಡ್ ಇರುವ ಮೆಷಿನ್‌ನಲ್ಲಿ ಕಾಲು ಸುತ್ತು ಸಣ್ಣದಲ್ಲ.

ಸರ್ಕ್ಯೂಟನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ

ಪ್ಯಾನೆಲ್ ಡ್ರಾಯಿಂಗ್ ಇದೆ ಅಂತ ಇದನ್ನು ಬಿಡಬೇಡಿ. ಎಷ್ಟೋ ಪ್ಯಾನೆಲ್‌ಗಳಲ್ಲಿ ಡ್ರಾಯಿಂಗ್ ಒಂದು, ವೈರಿಂಗ್ ಇನ್ನೊಂದು. ವೈರ್ ನಂಬರ್ ಹಿಡಿದು ನೀವೇ ಟ್ರೇಸ್ ಮಾಡಿ. ಹಾಳೆಯ ಎಡಕ್ಕೆ ಬಟನ್, ಬಾಗಿಲ ಸ್ವಿಚ್‌ಗಳು. ನಡುವೆ ಸೇಫ್ಟಿ ರಿಲೇ. ಬಲಕ್ಕೆ ಡ್ರೈವ್ ಅಥವಾ ಕಾಂಟ್ಯಾಕ್ಟರ್ (ಮೋಟಾರ್‌ನ ಪವರ್ ಜೋಡಿಸಿ ಕಡಿಯುವ ದೊಡ್ಡ ಸ್ವಿಚ್). ಎರಡೂ ಚಾನೆಲ್‌ಗಳನ್ನು ಬೇರೆ ಬೇರೆ ಬಣ್ಣದಲ್ಲಿ ಎಳೆಯಿರಿ.

ಈಗ ಮೂರೂ ಭಾಗಕ್ಕೆ ಒಂದೇ ಪ್ರಶ್ನೆ ಕೇಳಿ: ಇಲ್ಲಿ ಒಂದು ಚಾನೆಲ್ ಅಂಟಿಕೊಂಡು ಕೂತರೆ ಅದನ್ನು ಹಿಡಿಯುವವರು ಯಾರು?

ಬಟನ್ ಮತ್ತು ಬಾಗಿಲ ಕಡೆ ಹಿಡಿಯುವುದು ರಿಲೇ. ಎರಡೂ ಚಾನೆಲ್ ತೆರೆದು (ಸಂಪರ್ಕ ಕಡಿದು) ಎರಡೂ ಮುಚ್ಚಿದರೆ (ಮತ್ತೆ ಕೂಡಿದರೆ) ಮಾತ್ರ ಅದು ರೀಸೆಟ್‌ಗೆ ಒಪ್ಪುತ್ತದೆ. ಎರಡು ಚಾನೆಲ್‌ಗಳ ವೈರ್‌ಗಳು ಕೇಬಲ್ ಒಳಗೆ ಒಂದಕ್ಕೊಂದು ತಾಗಿದರೆ? ಎರಡಕ್ಕೂ ಒಂದೇ 24 ವೋಲ್ಟ್ ಕೊಟ್ಟಿದ್ದರೆ ರಿಲೇಗೆ ಅದು ಗೊತ್ತೇ ಆಗುವುದಿಲ್ಲ. ಅದಕ್ಕೇ ಒಳ್ಳೆಯ ರಿಲೇಗಳು ಒಂದು ಚಾನೆಲ್ ಅನ್ನು ಪ್ಲಸ್ ಕಡೆ, ಇನ್ನೊಂದನ್ನು ಸೊನ್ನೆ ವೋಲ್ಟ್ ಕಡೆ ಇಡುತ್ತವೆ. ಇಲ್ಲವೇ ಎರಡಕ್ಕೂ ಬೇರೆ ಬೇರೆ ಟೆಸ್ಟ್ ಪಲ್ಸ್ ಕಳಿಸುತ್ತವೆ. ನಿಮ್ಮ ರಿಲೇಯಲ್ಲಿ ಈ ಸೌಲಭ್ಯ ಇದ್ದೂ ವೈರಿಂಗ್ ಮಾಡಿದವರು ಅದನ್ನು ಬಳಸದೆ ಬಿಟ್ಟಿದ್ದಾರಾ, ನೋಡಿ.

ಔಟ್‌ಪುಟ್ ಕಡೆ ಹಿಡಿಯುವುದು ಫೀಡ್‌ಬ್ಯಾಕ್ ಲೂಪ್. ಹೆಚ್ಚು ಮೋಸ ಆಗುವುದು ಇಲ್ಲಿಯೇ. ರಿಲೇಯಲ್ಲಿ ಇದಕ್ಕೆ ಬೇರೆ ಟರ್ಮಿನಲ್ ಇರುತ್ತದೆ, ಕೆಲವು ಮಾಡೆಲ್‌ಗಳಲ್ಲಿ ವೈ1, ವೈ2 ಅಂತ ಬರೆದಿರುತ್ತಾರೆ. ಕಾಂಟ್ಯಾಕ್ಟರ್‌ಗಳ ಎನ್‌ಸಿ (ಕಾಂಟ್ಯಾಕ್ಟರ್ ಆಫ್ ಇರುವಾಗ ಮುಚ್ಚಿರುವ) ಕಾಂಟ್ಯಾಕ್ಟ್‌ಗಳನ್ನು ಸಾಲಾಗಿ ಈ ಲೂಪ್‌ಗೆ ಕೊಡಬೇಕು. ಕಾಂಟ್ಯಾಕ್ಟರ್‌ನ ಮುಖ್ಯ ಕಾಂಟ್ಯಾಕ್ಟ್ ಬೆಸೆದುಕೊಂಡರೆ ಆ ಎನ್‌ಸಿ ಮುಚ್ಚುವುದಿಲ್ಲ, ರಿಲೇ ರೀಸೆಟ್ ಆಗುವುದಿಲ್ಲ. ಆದರೆ ಯಾವುದೋ ಒಂದು ಎನ್‌ಸಿ ಸಾಲದು, ಅದು ಮಿರರ್ ಕಾಂಟ್ಯಾಕ್ಟ್ ಆಗಿರಬೇಕು. ಐಇಸಿ 60947-4-1ರಲ್ಲಿ ಅದರ ನಿಯಮ ಇದೆ: ಮುಖ್ಯ ಕಾಂಟ್ಯಾಕ್ಟ್ ಮುಚ್ಚಿರುವಾಗ ಈ ಎನ್‌ಸಿ ಯಾವ ಕಾರಣಕ್ಕೂ ಮುಚ್ಚಬಾರದು. ಪ್ಯಾನೆಲ್ ಕಟ್ಟುವಾಗ ಅರ್ಜೆಂಟ್‌ನಲ್ಲಿ ಈ ಎರಡು ಟರ್ಮಿನಲ್‌ಗೆ ಒಂದು ತುಂಡು ವೈರ್, ಅಂದರೆ ಜಂಪರ್, ಹಾಕಿ ಬಿಟ್ಟಿರುತ್ತಾರೆ. ಮೆಷಿನ್ ಚೆನ್ನಾಗಿಯೇ ಓಡುತ್ತದೆ. ಕಾಂಟ್ಯಾಕ್ಟರ್ ಮೇಲೆ ನಿಗಾ ಇಡುವವರು ಮಾತ್ರ ಯಾರೂ ಇರುವುದಿಲ್ಲ.

ಕಾಂಟ್ಯಾಕ್ಟರ್ ಇಲ್ಲದೆ ನೇರ ಡ್ರೈವ್‌ನ ಎಸ್‌ಟಿಒಗೆ ಹೋಗಿದ್ದರೆ ಲೆಕ್ಕ ಬೇರೆ. ಎರಡು ಚಾನೆಲ್‌ನ ಎಸ್‌ಟಿಒ ಸಾಮಾನ್ಯವಾಗಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಯಾಸ್ಕಾವಾ ಎ1000ನಂಥ ಕೆಲವು ಡ್ರೈವ್‌ಗಳು ಎಸ್‌ಟಿಒ ಸ್ಥಿತಿಯನ್ನು ರಿಲೇಗೆ ಹೇಳಲು ಬೇರೆ ಮಾನಿಟರ್ ಔಟ್‌ಪುಟ್ ಕೊಡುತ್ತವೆ. ಇದ್ದರೆ ಅದನ್ನು ಫೀಡ್‌ಬ್ಯಾಕ್ ಲೂಪ್‌ಗೆ ತನ್ನಿ. ಇಲ್ಲದಿದ್ದರೆ ಲೂಪ್ ಜಂಪರ್ ಮಾಡಬಹುದಾ ಅಂತ ಡ್ರೈವ್ ಮ್ಯಾನ್ಯುಯಲ್ ನೋಡಿಯೇ ನಿರ್ಧರಿಸಿ. ಡ್ಯಾನ್‌ಫಾಸ್ ಎಫ್‌ಸಿ 302ರಲ್ಲಿ ಎಸ್‌ಟಿಒಗೆ ಇರುವುದು ಟರ್ಮಿನಲ್ 37 ಒಂದೇ. ಅಂಥ ಕಡೆ ಆ ಒಂದು ವೈರ್ 24 ವೋಲ್ಟ್‌ಗೆ ತಾಗಿದರೆ ಕಥೆ ಮುಗಿದ ಹಾಗೆ. ಪ್ಯಾನೆಲ್‌ನಿಂದ ಹೊರಗೆ ಹೋಗುವುದಾದರೆ ಅದಕ್ಕೆ ಪ್ರತ್ಯೇಕ ಶೀಲ್ಡ್ ಕೇಬಲ್ ಹಾಕಿ.

ಪರೀಕ್ಷೆ: ಒಂದೊಂದೇ ಚಾನೆಲ್

ತಯಾರಿ ಮೊದಲು. ಮೆಷಿನ್ ಮೇಲೆ ಕಾಗದ ಇರಬಾರದು. ವೇಗ ಕಡಿಮೆ ಇರಲಿ. ಸುತ್ತ ಹಗ್ಗ ಕಟ್ಟಿ, ಆಪರೇಟರ್‌ಗೆ ಹೇಳಿ. ಮೇನ್ ಐಸೊಲೇಟರ್ ಹತ್ತಿರ ಒಬ್ಬರು ನಿಂತಿರಲಿ, ಅವರಿಗೆ ಬೇರೆ ಕೆಲಸ ಕೊಡಬೇಡಿ. ಪರೀಕ್ಷೆಗೆ ಬಳಸುವ ಜಂಪರ್‌ಗಳು ಉದ್ದ ಇರಲಿ, ಕೆಂಪು ಇರಲಿ, ತುದಿಯಲ್ಲಿ ಟ್ಯಾಗ್ ಇರಲಿ. ಎಷ್ಟು ತಂದಿರಿ ಅಂತ ಬರೆದಿಡಿ, ಮುಗಿದ ಮೇಲೆ ಅಷ್ಟೇ ವಾಪಸ್ ಎಣಿಸಿ. ಪ್ಯಾನೆಲ್ ಒಳಗೆ ಮರೆತ ಒಂದು ಜಂಪರ್, ಪರೀಕ್ಷೆಯೇ ಮಾಡದಿರುವುದಕ್ಕಿಂತ ಕೆಟ್ಟದ್ದು.

ಮೊದಲು ಮಾಮೂಲಿ ಪರೀಕ್ಷೆ ಮಾಡಿ. ಪ್ರತಿ ಬಟನ್ ಒತ್ತಿ, ಪ್ರತಿ ಬಾಗಿಲು ತೆರೆಯಿರಿ. ಪ್ರತಿ ಸಲವೂ ರಿಲೇ ಮೇಲಿನ ಎರಡೂ ಚಾನೆಲ್‌ಗಳ ಎಲ್‌ಇಡಿ ಆರಬೇಕು. ಮೋಟಾರ್ ನಿಂತಿತಾ ಅಂತ ನೋಡುವುದರ ಜೊತೆಗೆ ಒಬ್ಬರು ಪ್ಯಾನೆಲ್ ಬಳಿ ನಿಂತು ಎಲ್‌ಇಡಿ ನೋಡಿ. ಇಷ್ಟರಲ್ಲೇ ಕೆಲವು ದೋಷ ಕಣ್ಣಿಗೆ ಬೀಳುತ್ತವೆ.

ಆಮೇಲೆ ನಿಜವಾದ ಪರೀಕ್ಷೆ. ಪವರ್ ಆಫ್ ಮಾಡಿ, ಬೀಗ ಹಾಕಿ. ಎಮರ್ಜೆನ್ಸಿ ಬಟನ್‌ನ ಒಂದನೇ ಚಾನೆಲ್‌ನ ಕಾಂಟ್ಯಾಕ್ಟ್‌ಗೆ ಅಡ್ಡವಾಗಿ ಕೆಂಪು ಜಂಪರ್ ಹಾಕಿ. ಅಂದರೆ ಆ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ ಅಂತ ನಾವೇ ನಟಿಸುತ್ತಿದ್ದೇವೆ. ಪವರ್ ಕೊಡಿ, ರೀಸೆಟ್ ಮಾಡಿ, ಮೆಷಿನ್ ನಿಧಾನವಾಗಿ ಓಡಿಸಿ. ಈಗ ಬಟನ್ ಒತ್ತಿ.

ಎರಡು ಸಂಗತಿ ನೋಡಬೇಕು. ಒಂದು, ಮೋಟಾರ್ ನಿಲ್ಲಬೇಕು. ನಿಂತರೆ ಎರಡನೇ ಚಾನೆಲ್ ಒಂಟಿಯಾಗಿ ಕೆಲಸ ಮಾಡುತ್ತದೆ ಅಂತ ಗೊತ್ತಾಯಿತು. ಎರಡು, ಬಟನ್ ಬಿಡಿಸಿ ರೀಸೆಟ್ ಒತ್ತಿದಾಗ ರಿಲೇ ಒಪ್ಪಬಾರದು. ಒಂದನೇ ಚಾನೆಲ್ ತೆರೆಯಲೇ ಇಲ್ಲ ಅಂತ ಅದಕ್ಕೆ ಗೊತ್ತಾಗಿರಬೇಕು. ರೀಸೆಟ್ ಆದರೆ ನಿಮ್ಮ ಮಾನಿಟರಿಂಗ್ ಸತ್ತಿದೆ, ಮೆಷಿನ್ ಅಲ್ಲೇ ನಿಲ್ಲಿಸಿ. ರೀಸೆಟ್ ಆಗಲಿಲ್ಲ ಅಂದರೆ ಒಳ್ಳೆಯದು. ಪವರ್ ಆಫ್ ಮಾಡಿ ಜಂಪರ್ ತೆಗೆದು, ಎರಡನೇ ಚಾನೆಲ್‌ಗೆ ಹಾಕಿ ಮತ್ತೆ ಮಾಡಿ. ಪ್ರತಿ ಬಟನ್‌ಗೆ, ಪ್ರತಿ ಬಾಗಿಲಿಗೆ ಎರಡೆರಡು ಸಲ. ಬೇಜಾರಿನ ಕೆಲಸ ನಿಜ. ಆದರೆ ಮಾಮೂಲಿ ಪರೀಕ್ಷೆಗೆ ಸಿಗದ ದೋಷಗಳು ಸಿಗುವುದು ಇಲ್ಲೇ.

ಮುಂದೆ ಡ್ರೈವ್. ಪವರ್ ಆಫ್ ಇರುವಾಗ ಎಸ್‌ಟಿಒದ ಒಂದು ಚಾನೆಲ್‌ನ ವೈರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ. ಪವರ್ ಕೊಟ್ಟು ಸ್ಟಾರ್ಟ್ ಒತ್ತಿ. ಮೋಟಾರ್ ಅಲುಗಬಾರದು. ಜೊತೆಗೆ ಎರಡೂ ಚಾನೆಲ್ ಒಟ್ಟಿಗೆ ತೆರೆದಾಗ ಬರುವ ಸಂದೇಶ ಬರಬಾರದು, ಒಂದೇ ಚಾನೆಲ್ ಹೋಗಿದೆ ಅನ್ನುವ ಬೇರೆಯದೇ ಫಾಲ್ಟ್ ಬರಬೇಕು. ಎಬಿಬಿ ಎಸಿಎಸ್880ರಲ್ಲಿ ಒಂದನೇ ಚಾನೆಲ್‌ಗೆ ಎಫ್‌ಎ81, ಎರಡನೆಯದಕ್ಕೆ ಎಫ್‌ಎ82. ಯಾಸ್ಕಾವಾ ಎ1000ರಲ್ಲಿ ಎರಡೂ ತೆರೆದರೆ ಎಚ್‌ಬಿಬಿ, ಒಂದೇ ತೆರೆದರೆ ಎಚ್‌ಬಿಬಿಎಫ್. ಅಲೆನ್ ಬ್ರಾಡ್ಲಿ ಪವರ್‌ಫ್ಲೆಕ್ಸ್ 525ರಲ್ಲಿ ಎರಡೂ ತೆರೆದರೆ ಎಫ್‌059, ಹಾರ್ಡ್‌ವೇರ್ ದೋಷ ಇದ್ದರೆ ಎಫ್‌111. ನಿಮ್ಮ ಡ್ರೈವ್‌ನ ಕೋಡ್‌ಗಳನ್ನು ಒಂದು ಚೀಟಿಯಲ್ಲಿ ಬರೆದು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿ. ಮಾಮೂಲಿ ಎಸ್‌ಟಿಒ ಸಂದೇಶ ಅಂದುಕೊಂಡು ರಾತ್ರಿ ಪಾಳಿಯವರು ಒಂಟಿ ಚಾನೆಲ್ ಫಾಲ್ಟ್‌ಗೂ ಸುಮ್ನೆ ರೀಸೆಟ್ ಒತ್ತುತ್ತಾ ಹೋಗುವುದು ಸಾಮಾನ್ಯ. ಆ ಎರಡರ ಅಂತರ ಎಲ್ಲರಿಗೂ ಗೊತ್ತಿರಬೇಕು.

ಇನ್ನೊಂದು ಸೆಟ್ಟಿಂಗ್ ಕೂಡ ನೋಡಿ. ಎಸ್‌ಟಿಒ ಬಿದ್ದಾಗ ಫಾಲ್ಟ್ ತೋರಿಸಬೇಕಾ, ವಾರ್ನಿಂಗ್ ಸಾಕಾ, ಏನೂ ಬೇಡವಾ ಅಂತ ಹಲವು ಡ್ರೈವ್‌ಗಳಲ್ಲಿ ಆಯ್ಕೆ ಇರುತ್ತದೆ. ಎಸಿಎಸ್880ರಲ್ಲಿ ಅದು ಪ್ಯಾರಾಮೀಟರ್ 31.22. ಬಾಗಿಲು ಪದೇ ಪದೇ ತೆರೆಯುವ ಮೆಷಿನ್‌ನಲ್ಲಿ ಪ್ರತಿ ಸಲ ಫಾಲ್ಟ್ ಬಂದರೆ ಆಪರೇಟರ್‌ಗೆ ಕಿರಿಕಿರಿ, ಹಾಗಾಗಿ ವಾರ್ನಿಂಗ್ ಅಥವಾ ಈವೆಂಟ್ ಇಟ್ಟುಕೊಳ್ಳಿ, ತಪ್ಪಿಲ್ಲ. ಏನೂ ತೋರಿಸಬೇಡ ಅನ್ನುವ ಆಯ್ಕೆ ಮಾತ್ರ ಬೇಡ. ದಾಖಲೆಯೇ ಇಲ್ಲದಿದ್ದರೆ ನಾಳೆ ಏನನ್ನು ಹುಡುಕುತ್ತೀರಿ?

ಫೀಡ್‌ಬ್ಯಾಕ್ ಪರೀಕ್ಷೆ ಸುಲಭ. ಪವರ್ ಆಫ್ ಮಾಡಿ ಲೂಪ್‌ನ ಒಂದು ವೈರ್ ಬಿಚ್ಚಿ, ಪವರ್ ಕೊಟ್ಟು ರೀಸೆಟ್ ಒತ್ತಿ. ರೀಸೆಟ್ ಆದರೆ ಎಲ್ಲೋ ಜಂಪರ್ ಇದೆ. ಹುಡುಕಿ ತೆಗೆಯಿರಿ.

ಕೊನೆಯದು ರೀಸೆಟ್ ಮತ್ತು ತಾನಾಗಿ ಸ್ಟಾರ್ಟ್ ಆಗುವುದು. ಮೂರು ಸಂಗತಿ ನೋಡಬೇಕು. ಬಟನ್ ಬಿಡಿಸಿದರೆ ಸಾಕು ಅನ್ನುವ ಹಾಗೆ ಮೆಷಿನ್ ಸ್ಟಾರ್ಟ್ ಆಗಬಾರದು, ಇದು ಐಎಸ್‌ಒ 13850ರ ನಿಯಮ. ರೀಸೆಟ್ ಬಟನ್ ಒತ್ತಿ ಹಿಡಿದೇ ಬಾಗಿಲು ಮುಚ್ಚಿದರೆ ರಿಲೇ ಆನ್ ಆಗಬಾರದು. ಮೂರನೆಯದು ಎಲ್ಲರೂ ಮರೆಯುವಂಥದ್ದು: ರನ್ ಕಮಾಂಡ್ ಆನ್ ಇಟ್ಟುಕೊಂಡೇ ರೀಸೆಟ್ ಮಾಡಿ ನೋಡಿ. ಎರಡು ವೈರ್ ಕಂಟ್ರೋಲ್‌ನಲ್ಲಿ (ಸ್ವಿಚ್ ಆನ್ ಇರುವಷ್ಟು ಹೊತ್ತೂ ಓಡುವ ಜೋಡಣೆ) ಸೆಲೆಕ್ಟರ್ ಸ್ವಿಚ್ ಓಡುವ ಸ್ಥಾನದಲ್ಲೇ ಇದ್ದರೆ, ಕೆಲವು ಸೆಟ್ಟಿಂಗ್‌ಗಳಲ್ಲಿ ಎಸ್‌ಟಿಒ ತೆರವಾದ ಕೂಡಲೇ ಡ್ರೈವ್ ಓಡಲು ಶುರು ಮಾಡುತ್ತದೆ. ಒಳಗೆ ಯಾರೋ ಕಾಗದ ಪೋಣಿಸುತ್ತಿದ್ದರೆ? ಡ್ರೈವ್ ಎಡ್ಜ್ ನೋಡಿ, ಅಂದರೆ ಕಮಾಂಡ್ ಹೊಸದಾಗಿ ಬಂದರೆ ಮಾತ್ರ ಓಡುವಂತೆ ಪ್ಯಾರಾಮೀಟರ್ ಬದಲಿಸಿ. ರೀಸೆಟ್ ಬಟನ್ ಇರುವ ಜಾಗದಿಂದ ಅಪಾಯದ ಜಾಗವೆಲ್ಲ ಕಣ್ಣಿಗೆ ಕಾಣಬೇಕು, ಒಳಗೆ ನಿಂತು ಅದನ್ನು ಒತ್ತಲು ಕೈಗೆ ಸಿಗಬಾರದು.

ಸಾಲಾಗಿ ಜೋಡಿಸಿದ ಬಾಗಿಲುಗಳು ದೋಷವನ್ನು ಮುಚ್ಚಿಡುತ್ತವೆ

ನಮ್ಮ ರಿವೈಂಡರ್‌ನ ಮೂರು ಬಾಗಿಲುಗಳನ್ನು ಸಾಲಾಗಿ ಒಂದೇ ರಿಲೇಗೆ ಕೊಟ್ಟಿದ್ದಾರೆ ಅಂದುಕೊಳ್ಳಿ. ಖರ್ಚು ಉಳಿಸಲು ಬಹಳ ಕಡೆ ಹೀಗೇ ಮಾಡುತ್ತಾರೆ. ಎರಡನೇ ಬಾಗಿಲ ಕೇಬಲ್ ಕಬ್ಬಿಣದ ಅಂಚಿಗೆ ಸಿಕ್ಕಿ ಜಜ್ಜಿಹೋಗಿದೆ, ಅದರ ಎರಡನೇ ಚಾನೆಲ್ ಯಾವಾಗಲೂ ಮುಚ್ಚಿದಂತೆಯೇ ಕಾಣುತ್ತದೆ.

ಆಪರೇಟರ್ ಎರಡನೇ ಬಾಗಿಲು ತೆರೆದರು. ಒಂದನೇ ಚಾನೆಲ್ ತೆರೆಯಿತು, ಮೋಟಾರ್ ನಿಂತಿತು. ಎರಡನೇ ಚಾನೆಲ್ ತೆರೆಯಲಿಲ್ಲ, ರಿಲೇ ಅದನ್ನು ಗಮನಿಸಿತು. ಬಾಗಿಲು ಮುಚ್ಚಿ ರೀಸೆಟ್ ಒತ್ತಿದರೆ ಆಗುತ್ತಿಲ್ಲ. ಇಲ್ಲಿವರೆಗೆ ಎಲ್ಲ ಸರಿ. ಆಪರೇಟರ್ ಏನು ಮಾಡುತ್ತಾರೆ? ಯಾವುದೋ ಬಾಗಿಲು ಸರಿಯಾಗಿ ಮುಚ್ಚಿಲ್ಲ ಅಂದುಕೊಂಡು ಒಂದನೇ ಬಾಗಿಲನ್ನು ತೆರೆದು ಗಟ್ಟಿಯಾಗಿ ಮುಚ್ಚುತ್ತಾರೆ. ಒಂದನೇ ಬಾಗಿಲ ಎರಡೂ ಕಾಂಟ್ಯಾಕ್ಟ್ ಚೆನ್ನಾಗಿವೆ. ಸಾಲಿನಲ್ಲಿ ಎರಡೂ ಚಾನೆಲ್ ತೆರೆದು, ಎರಡೂ ಮುಚ್ಚಿದವು. ರಿಲೇಗೆ ಸಮಾಧಾನ. ರೀಸೆಟ್ ಆಯಿತು, ಪ್ರೊಡಕ್ಷನ್ ಶುರುವಾಯಿತು. ದೋಷ ಅಲ್ಲೇ ಇದೆ.

ಒಂದನೇ ಬಾಗಿಲು ಮೊದಲೇ ತೆರೆದಿರುವಾಗ ಎರಡನೆಯದನ್ನು ತೆರೆದರಂತೂ ರಿಲೇಗೆ ಸುಳಿವೂ ಸಿಗುವುದಿಲ್ಲ. ಇದಕ್ಕೆ ಫಾಲ್ಟ್ ಮಾಸ್ಕಿಂಗ್ ಅನ್ನುತ್ತಾರೆ. ಇದರ ಬಗ್ಗೆಯೇ 2015ರಲ್ಲಿ ಐಎಸ್‌ಒ/ಟಿಆರ್ 24119 ಎಂಬ ದಾಖಲೆ ಬಂತು. ಹೀಗೆ ಸಾಲಾಗಿ ಕೊಟ್ಟ ಬಾಗಿಲುಗಳು ಹೆಚ್ಚಿದಷ್ಟೂ, ಪದೇ ಪದೇ ತೆರೆಯುವ ಬಾಗಿಲು ಹೆಚ್ಚಿದಷ್ಟೂ ದೋಷ ಹಿಡಿಯುವ ಶಕ್ತಿಯನ್ನು ಕಡಿಮೆ ಲೆಕ್ಕ ಹಾಕಬೇಕು ಎಂದಿತ್ತು ಅದು.

ಇಲ್ಲಿ ಆಪರೇಟರ್ ತಪ್ಪೇನೂ ಇಲ್ಲ, ಸರ್ಕ್ಯೂಟೇ ಹಾಗಿದೆ. ಸರಿ ಮಾಡಲು ಎರಡು ದಾರಿ. ಪ್ರತಿ ಬಾಗಿಲನ್ನೂ ಸೇಫ್ಟಿ ಕಂಟ್ರೋಲರ್‌ನ ಬೇರೆ ಬೇರೆ ಇನ್‌ಪುಟ್‌ಗೆ ಕೊಡಿ. ಇಲ್ಲವೇ ತನ್ನ ದೋಷ ತಾನೇ ಹಿಡಿಯುವ ಆರ್‌ಎಫ್‌ಐಡಿ ಕೋಡೆಡ್ ಸ್ವಿಚ್ ಹಾಕಿ, ಅವನ್ನು ಸಾಲಾಗಿ ಜೋಡಿಸಿದರೂ ಮಾಸ್ಕಿಂಗ್ ತೊಂದರೆ ಇಲ್ಲ. ಎರಡೂ ಸದ್ಯಕ್ಕೆ ಆಗುವುದಿಲ್ಲ ಅಂದರೆ ಕನಿಷ್ಠ ಇಷ್ಟು ಮಾಡಿ: ಪರೀಕ್ಷೆ ಮಾಡುವಾಗ ಉಳಿದ ಬಾಗಿಲು ಮುಚ್ಚಿರಲಿ, ಒಂದೊಂದನ್ನೇ ತೆರೆದು ಮುಚ್ಚಿ ರೀಸೆಟ್ ನೋಡಿ. ಮತ್ತು ರೀಸೆಟ್ ಆಗದಿದ್ದರೆ ಬೇರೆ ಬಾಗಿಲು ಮುಟ್ಟದೆ ಮೇಂಟೆನೆನ್ಸ್‌ನವರನ್ನು ಕರೆಯಿರಿ ಅಂತ ಮೆಷಿನ್ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ಹಿಂದಿ, ಒಡಿಯಾ ಮಾತಾಡುವ ಕೆಲಸಗಾರರಿದ್ದರೆ ಅವರ ಭಾಷೆಯಲ್ಲೂ ಇರಲಿ.

ನಿಲ್ಲಲು ಎಷ್ಟು ಹೊತ್ತು ಬೇಕು?

ಚಾನೆಲ್‌ಗಳೆಲ್ಲ ಸರಿ ಇವೆ, ಆದರೆ ಮೋಟಾರ್ ನಿಲ್ಲುವ ಮೊದಲೇ ಕೈ ಒಳಗೆ ಹೋದರೆ? ಅದಕ್ಕೇ ನಿಲ್ಲುವ ಸಮಯವನ್ನೂ ಅಳೆಯಬೇಕು.

ಐಎಸ್‌ಒ 13855ರಲ್ಲಿ ಕೈ ಒಳಗೆ ಬರುವ ವೇಗಕ್ಕೆ ಸೆಕೆಂಡಿಗೆ 1600 ಮಿಲಿಮೀಟರ್, ಕೆಲವು ಸಂದರ್ಭಕ್ಕೆ 2000 ಮಿಲಿಮೀಟರ್ ಎಂದು ಇಟ್ಟಿದ್ದಾರೆ. ಅದನ್ನು ಒಟ್ಟು ನಿಲ್ಲುವ ಸಮಯದಿಂದ ಗುಣಿಸಿ, ಮೇಲೆ ಸ್ವಲ್ಪ ಹೆಚ್ಚುವರಿ ಅಂತರ ಸೇರಿಸಬೇಕು. ನಮ್ಮ ರಿವೈಂಡರ್ ನಿಲ್ಲಲು 3 ಸೆಕೆಂಡ್ ಬೇಕು ಅಂದುಕೊಳ್ಳಿ. 1600ನ್ನು 3ರಿಂದ ಗುಣಿಸಿದರೆ 4800. ಅಂದರೆ ಬಾಗಿಲು ರೋಲರ್‌ನಿಂದ 4.8 ಮೀಟರ್ ದೂರ ಇರಬೇಕು! ಯಾವ ಶೆಡ್‌ನಲ್ಲೂ ಅಷ್ಟು ಜಾಗ ಇರುವುದಿಲ್ಲ. ಅಂಥ ಕಡೆ ಬರೀ ಸ್ವಿಚ್ ಸಾಲದು, ರೋಲರ್ ಪೂರ್ತಿ ನಿಲ್ಲುವ ತನಕ ತೆರೆಯದಂತೆ ಹಿಡಿಯುವ ಲಾಕ್ ಇರುವ ಸ್ವಿಚ್ ಬೇಕು.

ಅಳೆಯುವಾಗ ಒಂದು ಬಲೆ ಇದೆ. ಎನ್‌ಕೋಡರ್ (ತಿರುಗುವ ವೇಗ ಅಳೆಯುವ ಸೆನ್ಸರ್) ಇಲ್ಲದ ಡ್ರೈವ್‌ನಲ್ಲಿ ಎಸ್‌ಟಿಒ ಬಿದ್ದ ಕೂಡಲೇ ಡಿಸ್‌ಪ್ಲೇಯಲ್ಲಿ ವೇಗ ಸೊನ್ನೆ ಅಂತ ತೋರಿಸುವುದು ಸಾಮಾನ್ಯ. ರೋಲರ್ ಇನ್ನೂ ತಿರುಗುತ್ತಲೇ ಇರುತ್ತದೆ. ಡ್ರೈವ್ ಮೋಟಾರ್‌ಗೆ ಕರೆಂಟ್ ಕೊಡುತ್ತಿಲ್ಲ, ಹಾಗಾಗಿ ಅದಕ್ಕೆ ವೇಗ ಅಂದಾಜು ಮಾಡಲು ಏನೂ ಸಿಗುವುದಿಲ್ಲ. ಆ ಸೊನ್ನೆಯನ್ನು ನಂಬಿ ಬಾಗಿಲ ಲಾಕ್ ಬಿಡಿಸುವ ಪ್ರೋಗ್ರಾಂ ಬರೆದರೆ ಅನಾಹುತ. ಅಳತೆಗೆ ರೋಲರ್ ಮೇಲೆ ಎನ್‌ಕೋಡರ್ ಅಥವಾ ಲೇಸರ್ ಟ್ಯಾಕೋಮೀಟರ್ ಇಟ್ಟು, ಬಾಗಿಲ ಸಿಗ್ನಲ್ ಜೊತೆಗೆ ರೆಕಾರ್ಡ್ ಮಾಡಿ. ಲಾಕ್ ಬಿಡಿಸಲು ಸೇಫ್ಟಿ ಟೈಮರ್ ಅಥವಾ ಡ್ರೈವ್ ಜೊತೆ ಕೆಲಸ ಮಾಡುವ ಸ್ಟ್ಯಾಂಡ್‌ಸ್ಟಿಲ್ ಮಾನಿಟರ್ ಬಳಸಿ.

ಅತಿ ಕೆಟ್ಟ ಸ್ಥಿತಿಯಲ್ಲೇ ಅಳೆಯಿರಿ: ಪೂರ್ತಿ ವೇಗ, ಪೂರ್ತಿ ತುಂಬಿದ ರೋಲ್. ಖಾಲಿ ಮೆಷಿನ್‌ನಲ್ಲಿ ಅಳೆದ ಸಂಖ್ಯೆ ಯಾವ ಉಪಯೋಗಕ್ಕೂ ಬಾರದು. ಈ ಅಳತೆ ಬಾಗಿಲುಗಳನ್ನೆಲ್ಲ ಮುಚ್ಚಿ, ಎಮರ್ಜೆನ್ಸಿ ಬಟನ್‌ನಿಂದ ಮಾಡಿದರೆ ಯಾರಿಗೂ ಅಪಾಯವಿಲ್ಲ.

ಎಸ್‌ಎಸ್1 ಇದ್ದರೆ ಇನ್ನೂ ಹುಷಾರು. ಸಾಮಾನ್ಯವಾಗಿ ರಿಲೇಯ ತಕ್ಷಣದ ಕಾಂಟ್ಯಾಕ್ಟ್ ಡ್ರೈವ್‌ಗೆ ನಿಲ್ಲು ಅನ್ನುತ್ತದೆ, ತಡವಾಗಿ ತೆರೆಯುವ ಕಾಂಟ್ಯಾಕ್ಟ್ ಎಸ್‌ಟಿಒ ಬೀಳಿಸುತ್ತದೆ. ರ‍್ಯಾಂಪ್ 2 ಸೆಕೆಂಡ್, ರಿಲೇ ತಡ 2.5 ಸೆಕೆಂಡ್ ಅಂತ ಇಟ್ಟಿರುತ್ತಾರೆ. ಇದರಲ್ಲಿ ಸಮಯವನ್ನು ಮಾತ್ರ ಲೆಕ್ಕ ಇಡುತ್ತಾರೆ, ವೇಗ ಇಳಿಯಿತಾ ಅಂತ ಯಾರೂ ನೋಡುವುದಿಲ್ಲ. ಒಂದು ದಿನ ತುಂಬಿದ ರೋಲ್ ನಿಲ್ಲಿಸುವಾಗ ಡಿಸಿ ಬಸ್ ಓವರ್‌ವೋಲ್ಟೇಜ್ ಟ್ರಿಪ್ ಬರುತ್ತದೆ. ಯಾರೋ ರ‍್ಯಾಂಪ್ ಅನ್ನು 4 ಸೆಕೆಂಡ್ ಮಾಡುತ್ತಾರೆ, ಟ್ರಿಪ್ ನಿಲ್ಲುತ್ತದೆ. ಈಗ 2.5 ಸೆಕೆಂಡ್‌ಗೆ ಎಸ್‌ಟಿಒ ಬಿದ್ದಾಗ ರೋಲರ್ ಇನ್ನೂ ಸಾಕಷ್ಟು ವೇಗದಲ್ಲಿದೆ, ಅಲ್ಲಿಂದ ತನ್ನಷ್ಟಕ್ಕೆ ತಿರುಗುತ್ತಾ ಹೋಗುತ್ತದೆ. ಡ್ರೈವ್‌ನ ಓವರ್‌ವೋಲ್ಟೇಜ್ ಕಂಟ್ರೋಲ್ ಆನ್ ಇದ್ದರಂತೂ ಪ್ಯಾರಾಮೀಟರ್ ಯಾರೂ ಮುಟ್ಟದೆಯೇ ರ‍್ಯಾಂಪ್ ಉದ್ದವಾಗುತ್ತದೆ. ಸರಿಯಾದ ಉಪಾಯ ಬ್ರೇಕಿಂಗ್ ರೆಸಿಸ್ಟರ್, ಅಂದರೆ ನಿಲ್ಲಿಸುವಾಗ ಮೋಟಾರ್‌ನಿಂದ ವಾಪಸ್ ಬರುವ ಶಕ್ತಿಯನ್ನು ಶಾಖವಾಗಿ ಕಳೆಯುವ ರೆಸಿಸ್ಟರ್. ರ‍್ಯಾಂಪ್ ಬದಲಿಸಲೇಬೇಕಾದರೆ ರಿಲೇ ತಡ, ಬಾಗಿಲ ಲಾಕ್ ಸಮಯ, ನಿಲ್ಲುವ ಅಳತೆ ಮೂರನ್ನೂ ಮತ್ತೆ ನೋಡಿ. ಆ ಪ್ಯಾರಾಮೀಟರ್‌ಗೆ ಪಾಸ್‌ವರ್ಡ್ ಹಾಕಿಡಿ.

ಎಷ್ಟು ದಿನಕ್ಕೊಮ್ಮೆ, ಏನು ಬರೆದಿಡಬೇಕು

ಅಪರೂಪಕ್ಕೆ ತೆರೆಯುವ ಬಾಗಿಲುಗಳೇ ಹೆಚ್ಚು ಅಪಾಯ, ಯಾಕಂದರೆ ತೆರೆಯದೆ ರಿಲೇಗೆ ಏನೂ ಗೊತ್ತಾಗುವುದಿಲ್ಲ. ಐಎಸ್‌ಒ 14119 ಇದಕ್ಕೆ ಲೆಕ್ಕ ಕೊಟ್ಟಿದೆ: ಪಿಎಲ್ (ಪರ್ಫಾರ್ಮೆನ್ಸ್ ಲೆವೆಲ್, ಅಂದರೆ ಸೇಫ್ಟಿ ಮಟ್ಟ) ಅತಿ ಹೆಚ್ಚಿನ ಇ ಬೇಕಾದ ಕಡೆ ಕನಿಷ್ಠ ತಿಂಗಳಿಗೊಮ್ಮೆ, ಸರ್ಕ್ಯೂಟ್ ರಚನೆಯ ಕ್ಯಾಟಗರಿ 3ರ (ಸ್ಟಾಪ್ ಕ್ಯಾಟಗರಿ ಅಲ್ಲ) ಪಿಎಲ್ ಡಿ ಕಡೆ ಕನಿಷ್ಠ 12 ತಿಂಗಳಿಗೊಮ್ಮೆ ತೆರೆದು ಪರೀಕ್ಷಿಸಬೇಕು. ಇದು ಕನಿಷ್ಠ. ಮೂರು ಪಾಳಿ ಓಡುವ ಮೆಷಿನ್‌ಗೆ ನನ್ನ ಸಲಹೆ: ಮಾಮೂಲಿ ಪರೀಕ್ಷೆ ವಾರಕ್ಕೊಮ್ಮೆ, ಜಂಪರ್ ಪರೀಕ್ಷೆ ಆರು ತಿಂಗಳಿಗೊಮ್ಮೆ, ನಿಲ್ಲುವ ಸಮಯದ ಅಳತೆ ಅದರ ಜೊತೆಗೇ.

ಪಿಎಲ್‌ಸಿ, ಅಂದರೆ ಮೆಷಿನ್ ನಡೆಸುವ ಕಂಟ್ರೋಲ್ ಕಂಪ್ಯೂಟರ್, ಇದ್ದರೆ ಅದನ್ನು ಕಾವಲಿಗೆ ಬಳಸಿ. ಬಾಗಿಲು, ರಿಲೇ, ಎಸ್‌ಟಿಒ ಸ್ಥಿತಿ, ಸ್ಟ್ಯಾಂಡ್‌ಸ್ಟಿಲ್ ಸಿಗ್ನಲ್ ಎಲ್ಲಕ್ಕೂ ಸಮಯದ ಗುರುತು ಹಾಕಿ ದಾಖಲಿಸಲಿ. ಪ್ರತಿ ಸ್ಟಾಪ್‌ಗೂ ಎಷ್ಟು ಹೊತ್ತು ಹಿಡಿಯಿತು ಅಂತ ಲೆಕ್ಕ ಹಾಕಲಿ. ಮೊದಲ ದಿನದ ಅಳತೆಗಿಂತ ಶೇ 10 ಜಾಸ್ತಿಯಾದರೆ ಅಲಾರಂ ಕೊಡುವಂತೆ ನಾನು ಇಡುತ್ತೇನೆ. ಬ್ರೇಕ್ ಸವೆದಿದ್ದು, ರ‍್ಯಾಂಪ್ ಬದಲಾಗಿದ್ದು ಇದರಲ್ಲೇ ಮೊದಲು ಗೊತ್ತಾಗುತ್ತದೆ. ಆದರೆ ನಿಲ್ಲಿಸುವ ನಿರ್ಧಾರ ಮಾಮೂಲಿ ಪಿಎಲ್‌ಸಿ ಕೈಯಲ್ಲಿ ಇರಬಾರದು. ಅದು ನೋಡಲಿ, ಬರೆಯಲಿ. ನಿಲ್ಲಿಸುವುದು ಸೇಫ್ಟಿ ರಿಲೇ ಕೆಲಸ.

ಪರೀಕ್ಷೆಯ ಹಾಳೆಯಲ್ಲಿ ಬರೀ 'ಓಕೆ' ಬೇಡ. ಯಾವ ಬಾಗಿಲು, ಯಾವ ಚಾನೆಲ್, ರಿಲೇ ರೀಸೆಟ್ ನಿರಾಕರಿಸಿತಾ, ಡ್ರೈವ್‌ನಲ್ಲಿ ಯಾವ ಕೋಡ್ ಬಂತು, ಎಷ್ಟು ಸೆಕೆಂಡ್‌ಗೆ ನಿಂತಿತು, ಯಾರು ಮಾಡಿದರು. ಓಡುವ ಯಂತ್ರಗಳ ಪವರ್ ಕಡಿಯುವ ಸಾಧನ ಪ್ರತಿ ಕೆಲಸದ ಕೋಣೆಯಲ್ಲೂ ಇರಬೇಕು, ಅದನ್ನು ಸುಸ್ಥಿತಿಯಲ್ಲಿ ಇಡಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 24ನೇ ಸೆಕ್ಷನ್‌ನಲ್ಲೇ ಬರೆದಿದ್ದರು. ಸುಸ್ಥಿತಿಯಲ್ಲಿದೆ ಅಂತ ಇನ್ಸ್‌ಪೆಕ್ಟರ್ ಮುಂದೆ ತೋರಿಸಲು ನಿಮ್ಮ ಕೈಯಲ್ಲಿ ಇರುವುದು ಈ ಹಾಳೆಯೇ.

ಬೈಪಾಸ್ ಹಾಕುವ ಮೊದಲು

ಸುಮ್ಮಸುಮ್ಮನೆ ಟ್ರಿಪ್ ಆಗುತ್ತಿದೆ, ಪ್ರೊಡಕ್ಷನ್ ನಿಲ್ಲುತ್ತಿದೆ, ಸದ್ಯಕ್ಕೆ ಒಂದು ಜಂಪರ್ ಹಾಕಿ ಅಂತ ಒತ್ತಡ ಬಂದೇ ಬರುತ್ತದೆ. ಹಾಕಬೇಡಿ. ಇಂಥ ಟ್ರಿಪ್‌ಗೆ ಬಹುತೇಕ ಸಲ ಸಣ್ಣ ಕಾರಣ ಇರುತ್ತದೆ. ಹಿಂಜ್ ಜೋತುಬಿದ್ದು ಬಾಗಿಲು ಒಂದು ಕಡೆ ವಾಲಿದರೆ ಸ್ವಿಚ್‌ನ ಎರಡು ಕಾಂಟ್ಯಾಕ್ಟ್ ಬೇರೆ ಬೇರೆ ಹೊತ್ತಿಗೆ ತೆರೆಯುತ್ತವೆ, ರಿಲೇ ಅದನ್ನು ದೋಷ ಅನ್ನುತ್ತದೆ. ಹಿಂಜ್ ಎತ್ತಿ ಕಟ್ಟಿದರೆ ಮುಗಿಯಿತು. ಲೈಟ್ ಕರ್ಟನ್‌ನ (ಕೈ ಅಡ್ಡ ಬಂದು ಬೆಳಕು ತಡೆದರೆ ಮೆಷಿನ್ ನಿಲ್ಲಿಸುವ ಸಾಧನ) ಔಟ್‌ಪುಟ್ ತನ್ನನ್ನು ಪರೀಕ್ಷಿಸಿಕೊಳ್ಳಲು ಕ್ಷಣಕಾಲ ಆಫ್ ಆಗುತ್ತಿರುತ್ತದೆ. ನೇರ ಡ್ರೈವ್‌ಗೆ ಕೊಟ್ಟಿದ್ದರೆ, ಡ್ರೈವ್ ಇನ್‌ಪುಟ್ ಆ ಪಲ್ಸನ್ನು ಸಹಿಸದೆ ಟ್ರಿಪ್ ಆಗಬಹುದು. ಎರಡರ ಮ್ಯಾನ್ಯುಯಲ್‌ನಲ್ಲಿ ಪಲ್ಸ್ ಅಗಲ ಎಷ್ಟಿದೆ ಅಂತ ಹೋಲಿಸಿ ನೋಡಿ. ಫೆರೂಲ್ (ತುದಿಗೆ ಹಾಕುವ ಲೋಹದ ಕೊಳವೆ) ಇಲ್ಲದ ವೈರ್ ಟರ್ಮಿನಲ್‌ನಲ್ಲಿ ಸಡಿಲವಾದರೂ ಇದೇ ಲಕ್ಷಣ. ಒಂಟಿ ಚಾನೆಲ್ ಫಾಲ್ಟ್ ಪದೇ ಪದೇ ಬರುತ್ತಿದ್ದರೆ ಲಾಗ್ ತೆರೆದು ನೋಡಿ: ಯಾವಾಗಲೂ ಅದೇ ಚಾನೆಲ್, ಅದೇ ಬಾಗಿಲು ಆಗಿದ್ದರೆ ಜಾಗ ಸಿಕ್ಕಿತು ಅಂತಲೇ ಲೆಕ್ಕ.

ಡ್ರೈವ್ ಬದಲಿಸಿದ ದಿನ ಎಲ್ಲ ಪರೀಕ್ಷೆ ಮೊದಲಿನಿಂದ ಮಾಡಿ. ಹೊಸ ಡ್ರೈವ್‌ಗಳು ಸಾಮಾನ್ಯವಾಗಿ ಎಸ್‌ಟಿಒ ಟರ್ಮಿನಲ್‌ಗೆ ಜಂಪರ್ ಹಾಕಿಯೇ ಫ್ಯಾಕ್ಟರಿಯಿಂದ ಬರುತ್ತವೆ, ಎಸ್‌ಟಿಒ ಬಳಸದವರಿಗೂ ಓಡಲಿ ಅಂತ. ರಾತ್ರಿ ಬ್ರೇಕ್‌ಡೌನ್‌ನಲ್ಲಿ ಹಳೆ ಡ್ರೈವ್ ತೆಗೆದು ಹೊಸದು ಕೂರಿಸುವಾಗ ಆ ಜಂಪರ್ ಜೊತೆಗೇ ಎಸ್‌ಟಿಒ ವೈರನ್ನೂ ತುರುಕಿ ಟೈಟ್ ಮಾಡಿದರೆ, ಮೆಷಿನ್ ಓಡುತ್ತದೆ, ಮಾಮೂಲಿ ಸ್ಟಾಪ್ ಬಟನ್‌ಗೂ ನಿಲ್ಲುತ್ತದೆ. ಬಾಗಿಲು ತೆರೆದರೆ ಮಾತ್ರ ನಿಲ್ಲುವುದಿಲ್ಲ. ಪ್ಯಾರಾಮೀಟರ್ ಕಾಪಿ ಮಾಡುವ ಮೊದಲು ಆ ಜಂಪರ್ ತೆಗೆದು, ಟೇಪ್‌ನಲ್ಲಿ ಸುತ್ತಿ, ಪರೀಕ್ಷೆಯ ಹಾಳೆಗೆ ಪಿನ್ ಮಾಡಿ. ಆಮೇಲೆ ಎಸ್‌ಟಿಒದ ಎರಡೂ ಚಾನೆಲ್ ಒಂದೊಂದಾಗಿ ಬಿಚ್ಚಿ ಕೋಡ್ ಬರುತ್ತದಾ ನೋಡಿ, ತುಂಬಿದ ರೋಲ್‌ನಲ್ಲಿ ನಿಲ್ಲುವ ಸಮಯ ಅಳೆದು ಬರೆದುಕೊಂಡ ಮೇಲೆಯೇ ಮೆಷಿನ್ ಅನ್ನು ಆಪರೇಟರ್ ಕೈಗೆ ಕೊಡಿ.